ಚಿಲ್ಲರೆ ನಿದ್ದೆ

ಬೆಂಡಿಗೋದಲ್ಲಿ ರಾತ್ರಿ ಹತ್ತಕ್ಕೆ ನನಗೆ ಬೆಳಗಾಗುತ್ತದೆ.
ಬ್ರೆಡ್ ಕಾರ್ಖಾನೆಯ ಹಿಂಬಾಗಿಲು, ತಲೆಗೊಂದು ಬಲೆ,
ಹಿಟ್ಟು ಉಬ್ಬುವುದನ್ನು ಕಾಯುವ ಕೆಲಸ.
ಏಳಕ್ಕೆ ಮನೆ ಮುಟ್ಟಿದರೆ
ಹೊಸ್ತಿಲಲ್ಲೇ ಮಗಳು ಕೈಬದಲು:
ಹೈಮವತಿ ಹಲ್ಲಿನ ಆಸ್ಪತ್ರೆಯ ಕೌಂಟರಿಗೆ,
ನಾನು ಎರಡನೇ ಪಾಳಿಗೆ.

ಮೇದಿನಿ ಮಲಗಿದಾಗ ನಾನು ಮಲಗಬೇಕು.
ಮನೆಯಲ್ಲಿ ಇದೊಂದೇ ಕಾನೂನು.

ತೀರ ಎಳೆಯದಿದ್ದಾಗ, ತಾಯಿ ರಜೆಯಲ್ಲಿದ್ದಾಗ,
ಯಾವ ಲೆಕ್ಕವೂ ಇರಲಿಲ್ಲ.
ಹಾಲು ಕುಡಿಯುತ್ತ ಕುಡಿಯುತ್ತಲೇ ಜೋಂಪು,
ಆಕಳಿಸಿದ ಬಾಯಿ ಮುಚ್ಚುವುದರೊಳಗೆ ನಿದ್ದೆ.
ಹಗಲು ಯಾವುದು ಇರುಳು ಯಾವುದು ತಿಳಿಯದವಳು,
ನಮ್ಮ ಕಾರ್ಖಾನೆಯವಳೇ ಇರಬೇಕು ಅನ್ನಿಸುತ್ತಿತ್ತು.

ಐದನೇ ತಿಂಗಳಿಗೆ ಚಿಲ್ಲರೆ ಶುರುವಾಯಿತು.
ಎಂಟೂವರೆಗೆ ನಲವತ್ತು ನಿಮಿಷ,
ಹನ್ನೊಂದಕ್ಕೆ ಮೂವತ್ತೈದು,
ಎರಡಕ್ಕೆ ಒಂದು ಗಂಟೆ, ಪುಣ್ಯವಿದ್ದರೆ;
ಸಂಜೆ ತಳ್ಳುಗಾಡಿಯಲ್ಲಿ
ಟ್ರಾಮ್ ಹಳಿ ದಾಟುವಾಗ ಒಂದು ಚಿಟಿಕೆ.
ನಾನೂ ಹಾಗೇ ಆಯ್ದುಕೊಂಡೆ,
ಸಂತೆ ಮುಗಿದ ಬಯಲಲ್ಲಿ ಕಾಸು ಹುಡುಕುವವನಂತೆ,
ಬೂಟು ಬಿಚ್ಚದೆ, ಹುಬ್ಬಿನ ಹಿಟ್ಟು ಒರೆಸದೆ,
ತೊಟ್ಟಿಲ ಪಕ್ಕದ ಕಾರ್ಪೆಟ್ಟಿನ ಮೇಲೆ.
ಗುರುವಾರ ಮಾತ್ರ ಕಸದ ಲಾರಿ ಬಂದು
ಇಬ್ಬರನ್ನೂ ಒಟ್ಟಿಗೆ ದಿವಾಳಿ ಮಾಡುತ್ತಿತ್ತು.

ನಾಲ್ಕು ಮೂರಾಯಿತು.
ಮೇಲಿನ ಹಲ್ಲು ಮೂಡುವ ಹೊತ್ತಿಗೆ ಮೂರು ಎರಡಾಯಿತು.
ಹೆದರಿ ಕೇಳಿದರೆ, ಮಕ್ಕಳ ಕೇಂದ್ರದ ನರ್ಸ್ ಡೆನೀಸ್
ಪುಸ್ತಕದಲ್ಲಿ ತೂಕ ಬರೆಯುತ್ತ ನಕ್ಕಳು:
‘ಕಳೆದುಹೋಗುತ್ತಿಲ್ಲ ಮಾರಾಯ, ಕೂಡಿಕೊಳ್ಳುತ್ತಿದೆ.’
(ಮಾರಾಯ ಎಂದದ್ದು ಅವಳಲ್ಲ. ಅವಳ ‘ಲವ್’ ನನಗೆ ಹಾಗೆ ಕೇಳಿಸಿತು.)

ಒಂದೂಕಾಲು ವರ್ಷಕ್ಕೆ ಬಂತು ಪೇಚಾಟ:
ಎರಡು ಹೆಚ್ಚು, ಒಂದು ಸಾಲದು.
ಬೆಳಗಿನದನ್ನು ಒದ್ದು ಎದ್ದಳು,
ಹನ್ನೊಂದೂವರೆಗೆ ಎತ್ತರದ ಕುರ್ಚಿಯಲ್ಲಿ
ಮೊಸರನ್ನದ ತಟ್ಟೆಗೆ ಕೆನ್ನೆಯಿಟ್ಟು ಗೊರಕೆ.
ಕಿವಿಯಿಂದ ಸಾಸಿವೆ ತೆಗೆದೆ.

ಆಮೇಲೆ ಒಂದು ಮಧ್ಯಾಹ್ನ, ಸದ್ದಿಲ್ಲದೆ,
ಚಿಲ್ಲರೆಯೆಲ್ಲ ಕೂಡಿ ಗರಿಗರಿ ನೋಟಾಯಿತು:
ಹನ್ನೆರಡೂವರೆಯಿಂದ ಎರಡೂವರೆ.
ಹೊರಗೆ ನಲವತ್ತೆರಡು ಡಿಗ್ರಿ,
ತಗಡಿನ ಮಾಡು ಚಟ್ಟೆಂದು ಮುರಿಯುವ ಲಟಿಕೆ,
ಅದರ ಮೇಲೆ ಗಲಾ ಗಿಳಿಗಳ ಪಂಚಾಯಿತಿ,
ಒಳಗೆ ಎಳೆದ ಪರದೆ, ಫ್ಯಾನು, ನಾವಿಬ್ಬರು.
ಎರಡು ಗಂಟೆ!
ಕನಸೊಂದು ಬಂದು, ಕೂತು, ಕಾಫಿ ಕುಡಿದು
ಹೋಗುವಷ್ಟು ಉದ್ದ.
ಒಂದೂವರೆ ವರ್ಷ ನಾನು ಸಿರಿವಂತನಾಗಿದ್ದೆ.

ಈಗ ಅವಳಿಗೆ ಮೂರು ದಾಟಿದೆ.
ಹಾಸಿಗೆಯಲ್ಲಿ ಮಲಗಿ ಕಾಲ್ಬೆರಳುಗಳಿಗೆ ಹೆಸರಿಡುತ್ತಾಳೆ.
ಒಂದು ದಿನ ಬರುತ್ತದೆ ನಿದ್ದೆ, ಎರಡು ದಿನ ಬರುವುದಿಲ್ಲ.
ಬಂದ ದಿನದ ಬಾಕಿ ರಾತ್ರಿ ತೀರಬೇಕು:
ಹತ್ತಕ್ಕೆ ನಾನು ಬೂಟು ಕಟ್ಟುವಾಗ
ಬಾಗಿಲಲ್ಲಿ ಪಿಳಿಪಿಳಿ ನಿಂತಿರುತ್ತಾಳೆ ಟಾಟಾ ಹೇಳಲು,
ಹಿಂದೆ ಹೈಮವತಿ, ಸೋತ ಭುಜಗಳು.
‘ನಿಮಗೆ ಸಿಕ್ಕ ಒಂದು ಗಂಟೆ
ನನಗೆ ಮೂರಾಗಿ ಬೀಳುತ್ತೆ.
ಮಲಗಿಸಬೇಡಿ ಅಂದ್ರೆ ಮಲಗಿಸಬೇಡಿ.’
ಸರಿಯಾದ ಮಾತು.
ಸರಿಯಾದ ಮಾತಿಗೆ ಎದುರಾಡಲೂ ಎಚ್ಚರ ಬೇಕು.

ಇವತ್ತು ಬಣ್ಣದ ಕಡ್ಡಿ, ಒಗಟು, ಹಿತ್ತಲ ನೀರಾಟ,
ನನ್ನ ಕೈಲಾದದ್ದೆಲ್ಲ ಮಾಡಿದೆ.
ಮೂರು ಗಂಟೆಗೆ ಮರದ ರೈಲು ಹಳಿಯ ಮೇಲೆ
ಒಂದು ತಲೆ ವಾಲಿತು.
ಎಬ್ಬಿಸಬೇಕಾಗಿತ್ತು.
ಯಾರ ತಲೆ ಮೊದಲು ವಾಲಿತೋ, ಆಣೆಗೂ ತಿಳಿಯದು.

ಐದೂಕಾಲಿಗೆ ಬೀಗ ತಿರುಗಿದ ಸದ್ದಿಗೆ ಎದ್ದು ಕೂತೆವು.
‘ಮಲಗಿದ್ಲಾ?’
‘ಇಲ್ಲ’ ಅಂದೆ.
‘ಇಲ್ಲ’ ಅಂದಳು ಮೇದಿನಿ, ನನಗಿಂತ ಗಟ್ಟಿಯಾಗಿ.

ಹೈಮವತಿ ಅವಳ ಎಡಗೆನ್ನೆ ನೋಡಿದಳು,
ಆಮೇಲೆ ನನ್ನ ಬಲಗೆನ್ನೆ.
ಎರಡರಲ್ಲೂ ಅಚ್ಚಾಗಿತ್ತು
ಅದೇ ಕಾರ್ಪೆಟ್ಟು, ಅದೇ ಸಾಲು.
ಚೀಲವನ್ನು ಮೊಳೆಗೆ ತಗುಲಿಸಿ
ಒಳಗೆ ಹೋಗಿ
ಮೂವರಿಗೂ ನೀರಿಟ್ಟಳು.